ಕಾರು ಪದೇ ಪದೇ ಆಫ್ ಆಗುತ್ತಿದೆಯಾ? ಮೊದಲು ಇದನ್ನು ನೋಡಿ

ಎಂಜಿನ್ ತಾನಾಗೇ ಆಫ್ ಆಗಲು ಶುರುವಾದರೆ ಜಾಸ್ತಿ ಜನ ಮಾಡುವ ಮೊದಲ ಕೆಲಸ ಯಾವುದಾದರೂ ಪಾರ್ಟ್ ಬದಲಿಸುವುದು. ಪ್ಲಗ್ ಹಾಕಿಸಿದೆ, ಫಿಲ್ಟರ್ ಹಾಕಿಸಿದೆ, ಕೊನೆಗೆ ಪಂಪೂ ಹಾಕಿಸಿದೆ, ಆದರೂ ಸರಿಹೋಗಿಲ್ಲ ಅನ್ನುವವರಿಗೆ ಲೆಕ್ಕವಿಲ್ಲ. ಸುಮ್ನೆ ದುಡ್ಡು ದಂಡ. ಬಾನೆಟ್ ಎತ್ತುವ ಮೊದಲು ಒಂದು ವಿಷಯ ಗೊತ್ತಿರಬೇಕು: ಯಾವಾಗ ಆಫ್ ಆಗುತ್ತದೆ? ಎಂಜಿನ್ ತಣ್ಣಗಿದ್ದಾಗಲಾ, ಬಿಸಿಯಾದ ಮೇಲಾ, ಸಿಗ್ನಲ್‌ನಲ್ಲಿ ನಿಂತಾಗಲಾ, ಓಡುವಾಗಲಾ, ಎಸಿ ಹಾಕಿದಾಗಲಾ, ಪೆಟ್ರೋಲ್ ತುಂಬಿಸಿದ ಕೂಡಲೇನಾ? ಮೊಬೈಲ್‌ನಲ್ಲಿ ಬರೆದಿಟ್ಟುಕೊಳ್ಳಿ. ಮೆಕ್ಯಾನಿಕ್ ಹತ್ತಿರ ಹೋದರೂ ಅವರು ಕೇಳುವುದು ಇದನ್ನೇ.

ಓಡುತ್ತಿರುವಾಗ ಆಫ್ ಆದರೆ ಗಾಬರಿಯಾಗಬೇಡಿ. ಸ್ಟಿಯರಿಂಗ್ ಗಟ್ಟಿಯಾಗುತ್ತದೆ, ಆದರೆ ತಿರುಗುತ್ತದೆ. ಬ್ರೇಕ್‌ಗೆ ಬೂಸ್ಟರ್‌ನ ಸಹಾಯ ಒಂದೆರಡು ಸಲಕ್ಕೆ ಮಾತ್ರ ಉಳಿದಿರುತ್ತದೆ, ಹಾಗಾಗಿ ಒತ್ತಿ ಬಿಟ್ಟು ಒತ್ತಿ ಬಿಟ್ಟು ಮಾಡದೆ ಒಂದೇ ಸಲ ಒತ್ತಿ ಹಿಡಿದು ಪಕ್ಕಕ್ಕೆ ತನ್ನಿ. ಗಾಡಿ ಉರುಳುತ್ತಿರುವಾಗ ಕೀ ಮಾತ್ರ ಹೊರಗೆ ತೆಗೆಯಬೇಡಿ, ಸ್ಟಿಯರಿಂಗ್ ಲಾಕ್ ಆಗಿಬಿಡುತ್ತದೆ.

ಇನ್ನು ವಿಷಯಕ್ಕೆ ಬರೋಣ. ಇದು ಕಾರ್ಬ್ಯುರೇಟರ್ ಬದಲು ಇಂಜೆಕ್ಷನ್ ಇರುವ ಪೆಟ್ರೋಲ್ ಗಾಡಿಗಳ ಮಾತು.

ನಿಂತಾಗ ಮಾತ್ರ ಆಫ್ ಆಗಿ, ಎಕ್ಸಲರೇಟರ್ ಸ್ವಲ್ಪ ಒತ್ತಿ ಹಿಡಿದರೆ ಆಗುವುದಿಲ್ಲ ಅಂದರೆ ಎಕ್ಸಲರೇಟರ್ ಒತ್ತದೆ ಎಂಜಿನ್ ಓಡುವ ಹಂತದಲ್ಲೇ, ಅಂದರೆ ಐಡಲ್‌ನಲ್ಲೇ ತೊಂದರೆ. ಬಿಸಿಯಾದ ಎಂಜಿನ್ ಸಾಮಾನ್ಯವಾಗಿ 700ರಿಂದ 900 ಆರ್‌ಪಿಎಂನಲ್ಲಿ ಓಡುತ್ತಿರಬೇಕು. ಇಲ್ಲಿ ನನ್ನ ಮೊದಲ ಅನುಮಾನ ಎಂಜಿನ್‌ಗೆ ಹೋಗುವ ಗಾಳಿಯನ್ನು ಹತೋಟಿಯಲ್ಲಿಡುವ ಥ್ರಾಟಲ್ ಬಾಡಿ ಮೇಲೆ. ಏರ್ ಫಿಲ್ಟರ್‌ನಿಂದ ಬರುವ ದಪ್ಪ ಪೈಪ್ ಬಿಚ್ಚಿ ಟಾರ್ಚ್ ಹಾಕಿ ನೋಡಿ. ಒಳಗೆ ಕಾಸಿನ ಆಕಾರದ ತಟ್ಟೆ ಇರುತ್ತದೆ. ಅದರ ಅಂಚಿಗೆ ಕಪ್ಪು ಜಿಡ್ಡು ಉಂಗುರದ ಹಾಗೆ ಕಟ್ಟಿಕೊಂಡಿದ್ದರೆ ಐಡಲ್‌ಗೆ ಬೇಕಾದ ಗಾಳಿ ನುಸುಳಲು ಜಾಗವೇ ಇಲ್ಲ ಅಂತ ಅರ್ಥ. ಎಂಜಿನ್ ಆಫ್ ಮಾಡಿ, ಕೀ ತೆಗೆದು, ಥ್ರಾಟಲ್ ಬಾಡಿ ಕ್ಲೀನರ್ ಅನ್ನು ಬಟ್ಟೆಗೆ ಹಾಕಿ ಒರೆಸಿ. ಎಲೆಕ್ಟ್ರಾನಿಕ್ ಥ್ರಾಟಲ್ ಆದರೆ ಆ ತಟ್ಟೆಯನ್ನು ಬೆರಳಿನಿಂದ ಜೋರಾಗಿ ತಳ್ಳಬೇಡಿ, ಒಳಗಿನ ಗೇರ್ ಹಲ್ಲುಗಳು ಹೆಚ್ಚಾಗಿ ಪ್ಲಾಸ್ಟಿಕ್‌ನವು. ಒರೆಸಿದ ಮೇಲೆ ಕೆಲವು ಗಾಡಿಗಳಲ್ಲಿ ಐಡಲ್ ಏರುಪೇರಾಗುತ್ತದೆ, ಎಂಜಿನ್‌ನ ಕಂಪ್ಯೂಟರ್ ಅದನ್ನು ಹೊಸದಾಗಿ ಕಲಿತುಕೊಳ್ಳಬೇಕು. ಅದಕ್ಕೆ ಒಂದು ಕ್ರಮ ಇರುತ್ತದೆ, ಆ ಗಾಡಿಯ ಸರ್ವಿಸ್ ಮ್ಯಾನುವಲ್ ನೋಡಿ. ಹಳೆಯ ಗಾಡಿಯಾದರೆ ಪಕ್ಕದಲ್ಲೇ ಐಡಲ್ ವಾಲ್ವ್ ಬೇರೆ ಇರುತ್ತದೆ, ಅದಕ್ಕೂ ಇದೇ ಜಿಡ್ಡು.

ಥ್ರಾಟಲ್ ಕ್ಲೀನ್ ಇದ್ದೂ ಐಡಲ್ ಕುಣಿಯುತ್ತಿದೆಯಾ? ಹಾಗಾದರೆ ಎಲ್ಲೋ ಗಾಳಿ ಸೋರುತ್ತಿರಬಹುದು. ರಬ್ಬರ್ ಪೈಪ್‌ಗಳನ್ನು ಬಗ್ಗಿಸಿ ನೋಡಿ, ಬಿರುಕು ಬಗ್ಗಿಸಿದಾಗಲೇ ಕಾಣುವುದು. ಎಂಜಿನ್ ಓಡಿಸಿ 'ಸ್‌ಸ್' ಅನ್ನುವ ಸದ್ದಿಗೆ ಕಿವಿ ಕೊಡಿ. ಅನುಮಾನ ಇರುವ ಜಾಗಕ್ಕೆ ಸೋಪಿನ ನೀರು ಸ್ವಲ್ಪ ಸಿಂಪಡಿಸಿ, ಐಡಲ್ ಬದಲಾದರೆ ತೂತು ಅಲ್ಲೇ. ಕೆಲವರು ಇದಕ್ಕೆ ಬೆಂಕಿ ಹತ್ತುವ ಸ್ಪ್ರೇ ಹೊಡೆಯುತ್ತಾರೆ, ಬಿಸಿ ಎಂಜಿನ್ ಮೇಲೆ ಅಂಥ ಸಾಹಸ ಬೇಡ.

ಟ್ಯಾಂಕ್ ತುಂಬಿಸಿ ಸ್ಟಾರ್ಟ್ ಮಾಡಿದಾಗ ಮಾತ್ರ ಒದ್ದಾಡಿ ಆಫ್ ಆಗುತ್ತದೆ ಅಂದರೆ ಪರ್ಜ್ ವಾಲ್ವ್ ನೋಡಿ. ಟ್ಯಾಂಕಿನ ಆವಿಯನ್ನು ಎಂಜಿನ್‌ಗೆ ಬಿಡುವ ಚಿಕ್ಕ ವಾಲ್ವ್ ಅದು. ಬಿಚ್ಚಿ ಗಾಳಿ ತಳ್ಳಿ ನೋಡಿ, ಕರೆಂಟ್ ಇಲ್ಲದಾಗ ಸಾಮಾನ್ಯವಾಗಿ ದಾಟಬಾರದು. ದಾಟಿದರೆ ತೆರೆದೇ ಸಿಕ್ಕಿಕೊಂಡಿದೆ. ಪೆಟ್ರೋಲ್ ಕೆಟ್ಟದ್ದು ಅಂತ ಬಂಕ್‌ನವರನ್ನು ಬೈಯುವ ಮೊದಲು ಇದನ್ನು ನೋಡಿಬಿಡಿ.

ಬಿಸಿಯಾದ ಮೇಲೆ ಯಾವ ಸೂಚನೆಯೂ ಇಲ್ಲದೆ ಸ್ವಿಚ್ ಹಾಕಿದ ಹಾಗೆ ಆಫ್ ಆಗಿ, ಅರ್ಧ ಗಂಟೆ ಬಿಟ್ಟರೆ ಏನೂ ಆಗಿಯೇ ಇಲ್ಲ ಅನ್ನುವಂತೆ ಸ್ಟಾರ್ಟ್ ಆಗುತ್ತದಾ? ಎಂಜಿನ್ ತಿರುಗುವುದನ್ನು ಕಂಪ್ಯೂಟರ್‌ಗೆ ತಿಳಿಸುವ ಕ್ರ್ಯಾಂಕ್ ಸೆನ್ಸರ್ ಕಾರಣ ಇರಬಹುದು. ಆಫ್ ಆದ ಕೂಡಲೇ ಸೆಲ್ಫ್ ಹೊಡೆಯುತ್ತಾ ಆರ್‌ಪಿಎಂ ಮುಳ್ಳು ನೋಡಿ. ಸ್ಟಾರ್ಟ್ ಆಗುವ ದಿನ ಸೆಲ್ಫ್ ಹೊಡೆಯುವಾಗ ಅದು ಸ್ವಲ್ಪ ಏಳುತ್ತಿದ್ದು, ಈಗ ಸೊನ್ನೆಯಲ್ಲೇ ಮಲಗಿದ್ದರೆ ಅನುಮಾನ ಗಟ್ಟಿಯಾಗುತ್ತದೆ. ಕಾರಿನ ಕಂಪ್ಯೂಟರ್ ದಾಖಲಿಸಿದ ದೋಷದ ಕೋಡ್ ಓದುವ ಸ್ಕ್ಯಾನರ್‌ನಲ್ಲಿ ಪಿ0335 ಕೋಡ್ ಬಂದರೆ ಅದೂ ಇದೇ ಸರ್ಕ್ಯೂಟ್‌ನದು, ಆದರೆ ಸೆನ್ಸರ್ ಬದಲಿಸುವ ಮೊದಲು ವೈರ್, ಕನೆಕ್ಟರ್ ನೋಡಲೇಬೇಕು.

ಏರು ಹತ್ತುವಾಗ, ಸ್ಪೀಡಿನಲ್ಲಿ, ಮೊದಲು ಎಳೆತ ಕಡಿಮೆಯಾಗಿ ಆಮೇಲೆ ಆಫ್ ಆದರೆ ಪೆಟ್ರೋಲ್ ಸಾಲದೆ ಇರಬಹುದು. ಕೀ ಆನ್ ಮಾಡಿದ ಕೂಡಲೇ ಹಿಂದಿನ ಸೀಟಿನ ಕಡೆಯಿಂದ ಒಂದೆರಡು ಸೆಕೆಂಡ್ 'ಜುಯ್' ಅನ್ನುವ ಸದ್ದು ಸಾಧಾರಣವಾಗಿ ಬರುತ್ತದೆ, ಅದು ಪಂಪ್. ಬರದಿದ್ದರೆ ಫ್ಯೂಸ್ ನೋಡಿ, ಆಮೇಲೆ ಪಂಪ್‌ಗೆ ಕರೆಂಟ್ ಕೊಡುವ ಸ್ವಿಚ್ ಆದ ರಿಲೇಯನ್ನು, ಅದೇ ನಂಬರಿನ ಬೇರೆ ರಿಲೇ ಇದ್ದರೆ ಅದರ ಜೊತೆ ಅದಲು ಬದಲು ಮಾಡಿ ನೋಡಿ. ಸದ್ದು ಬಂದ ಮಾತ್ರಕ್ಕೆ ಪಂಪ್ ಚೆನ್ನಾಗಿದೆ ಅಂತಲ್ಲ, ಒತ್ತಡ ಅಳೆಯಬೇಕು. ಆ ಲೈನ್ ಬಿಚ್ಚುವುದನ್ನು ಅಭ್ಯಾಸ ಇದ್ದವರಿಗೇ ಬಿಡಿ.

ಬ್ಯಾಟರಿ ಟರ್ಮಿನಲ್ ಕೈಯಲ್ಲಿ ಅಲುಗಾಡುತ್ತದಾ ನೋಡುವುದಕ್ಕೆ ಹತ್ತು ಸೆಕೆಂಡ್ ಸಾಕು. ಎಂಜಿನ್ ಓಡುವಾಗ ಬ್ಯಾಟರಿಗೆ ಹಿಡಿದ ಮಲ್ಟಿಮೀಟರ್‌ನಲ್ಲಿ ಸುಮಾರು 13.5ರಿಂದ 14.5 ವೋಲ್ಟ್ ಬರಬೇಕು. ಸ್ಟಾರ್ಟ್ ಆಗಿ ಎರಡೇ ಸೆಕೆಂಡಿಗೆ ಆಫ್ ಆಗಿ, ಡ್ಯಾಶ್‌ನಲ್ಲಿ ಕೀ ಅಥವಾ ಬೀಗದ ದೀಪ ಮಿನುಗಿದರೆ ಅಸಲಿ ಕೀ ಅಂತ ಗೊತ್ತಾಗದಿದ್ದರೆ ಎಂಜಿನ್ ತಡೆಯುವ ಇಮೊಬಿಲೈಜರ್‌ನ ಕೆಲಸ, ಇನ್ನೊಂದು ಕೀ ಹಾಕಿ ನೋಡಿ.

ಚಿಕ್ಕ ಸ್ಕ್ಯಾನರ್ ಇದ್ದರೆ ಬರೀ ಕೋಡ್ ಓದಿ ಮುಚ್ಚಿಡಬೇಡಿ, ಫ್ಯೂಯೆಲ್ ಟ್ರಿಮ್, ಅಂದರೆ ಕಂಪ್ಯೂಟರ್ ಪೆಟ್ರೋಲನ್ನು ಎಷ್ಟು ಹೆಚ್ಚು ಕಡಿಮೆ ಮಾಡುತ್ತಿದೆ ಅನ್ನುವುದನ್ನು ನೋಡಿ. ಐಡಲ್‌ನಲ್ಲಿ ಶೇಕಡಾ ಪ್ಲಸ್ 10ಕ್ಕಿಂತ ಜಾಸ್ತಿ ಇದ್ದು 2500 ಆರ್‌ಪಿಎಂಗೆ ಏರಿಸಿದಾಗ ಇಳಿದರೆ ಗಾಳಿ ಸೋರಿಕೆ. ಐಡಲ್‌ನಲ್ಲಿ ಸರಿಯಿದ್ದು ಲೋಡ್ ಬಿದ್ದಾಗ ಏರುತ್ತಾ ಹೋದರೆ ಪಂಪ್, ಫಿಲ್ಟರ್ ಕಡೆಗೋ ಗಾಳಿ ಅಳೆಯುವ ಸೆನ್ಸರ್ ಕಡೆಗೋ ಹೋಗಿ.

ರಿಪೇರಿ ಆದ ಮೇಲೆ ಮೊದಲು ಎಂಥ ಹೊತ್ತಲ್ಲಿ ಆಫ್ ಆಗುತ್ತಿತ್ತೋ ಅಂಥದೇ ಹೊತ್ತಲ್ಲಿ ಓಡಿಸಿ ನೋಡಿ. ಬಿಸಿಯಲ್ಲಿ ಆಫ್ ಆಗುತ್ತಿದ್ದ ಗಾಡಿಯನ್ನು ಬೆಳಗ್ಗೆ ಐದು ನಿಮಿಷ ಓಡಿಸಿ ಸರಿಯಾಯಿತು ಅಂದರೆ ಏನೂ ಗೊತ್ತಾಗುವುದಿಲ್ಲ, ಅಲ್ವಾ?