ಕೈಗೆ ಕಡಿಮೆ ಹೊತ್ತು, ಕೌಂಟರಿಗೆ ಹೆಚ್ಚು ಹೊತ್ತು

ನಮ್ಮದು ಬೆಂಗಳೂರಿನ ಒಂದು ಕಾಲೇಜಿನ ಭೌತಶಾಸ್ತ್ರ ಲ್ಯಾಬ್. ಇರುವುದು ಒಂದು ಜಿ.ಎಂ. (ಗೈಗರ್-ಮುಲ್ಲರ್) ಕೌಂಟರ್, ಅಂದರೆ ವಿಕಿರಣ ಎಣಿಸುವ ಯಂತ್ರ, ಅದಕ್ಕೆ ವಿಕಿರಣ ಹಿಡಿಯುವ ಎರಡು ಟ್ಯೂಬ್, ಸೀಸಿಯಂ-137, ಕೋಬಾಲ್ಟ್-60 ಮತ್ತು ಥ್ಯಾಲಿಯಂ-204 ಎಂಬ ವಿಕಿರಣ ಸೂಸುವ ವಸ್ತುಗಳ ಬಿಲ್ಲೆಗಳು. ದೂರ ಇರು, ಬೇಗ ಮುಗಿಸು ಎನ್ನುವುದು ಸುರಕ್ಷತೆಯ ಪಾಠ. ಹತ್ತಿರ ಇಡು, ತುಂಬಾ ಹೊತ್ತು ಎಣಿಸು ಎನ್ನುವುದು ನಿಖರತೆಯ ಪಾಠ. ಎಣಿಕೆ ಮುಗಿಯುವ ತನಕ ಮೇಜಿಗೆ ಅಂಟಿಕೊಂಡು ಕೂತರೆ ಮಾತ್ರ ಇವೆರಡಕ್ಕೂ ಜಗಳ. ಹೊತ್ತು ಬೇಕಾಗಿರುವುದು ಕೌಂಟರಿಗೆ, ನಮಗಲ್ಲ. ಹಾಗಾಗಿ ಟೈಮರ್ ಒತ್ತಿದವರು ಎರಡು ಮೀಟರ್ ಆಚೆ ಹೋಗಿ ಕೂರುತ್ತಾರೆ.

ಲೆಕ್ಕ ನೋಡಿ. 5 ಮೈಕ್ರೋಕ್ಯೂರಿ (ವಿಕಿರಣಶೀಲತೆಯ ಅಳತೆ) ಸೀಸಿಯಂ ಬಿಲ್ಲೆಯಿಂದ 10 ಸೆಂ.ಮೀ. ದೂರದಲ್ಲಿ ಗಾಮಾ ಡೋಸ್, ಅಂದರೆ ಮೈಗೆ ತಗಲುವ ಗಾಮಾ ಕಿರಣದ ಪ್ರಮಾಣ, ಗಂಟೆಗೆ ಸುಮಾರು 1.7 ಮೈಕ್ರೋಸೀವರ್ಟ್. ಎರಡು ಮೀಟರಿನಲ್ಲಿ ಅದು 0.004ಕ್ಕೆ ಇಳಿದು, ಸುತ್ತಮುತ್ತ ಸದಾ ಇರುವ ಹಿನ್ನೆಲೆ ವಿಕಿರಣದಲ್ಲಿ ಕರಗಿಹೋಗುತ್ತದೆ. ಅದೇ ಬಿಲ್ಲೆ 1 ಸೆಂ.ಮೀ.ಗೆ ಬಂದರೆ 170. ಬಿಲ್ಲೆ ಸೂಸುವ ಬೀಟಾ ಕಣಗಳೂ ಸೇರಿದರೆ ಬೆರಳ ತುದಿಗೆ ಇನ್ನೂ ಹೆಚ್ಚು. ಸಾರ್ವಜನಿಕರಿಗೆ ವರ್ಷದ ಮಿತಿ 1 ಮಿಲಿಸೀವರ್ಟ್, ಅಂದರೆ 1000 ಮೈಕ್ರೋಸೀವರ್ಟ್. ಹೆದರಬೇಕಾದ ಅಂಕಿ ಯಾವುದೂ ಇಲ್ಲಿಲ್ಲ, ಆದರೆ ಬೆರಳಿನಿಂದ ಬಿಲ್ಲೆ ಎತ್ತುವುದಕ್ಕೂ 15 ಸೆಂ.ಮೀ. ಉದ್ದದ ಚಿಮುಟದಿಂದ ಎತ್ತುವುದಕ್ಕೂ ನೂರಾರು ಪಟ್ಟು ವ್ಯತ್ಯಾಸವಿದೆ.

ಇನ್ನು ಟ್ಯೂಬ್. ಅದರ ಮುಖಕ್ಕೆ ಇರುವುದು ಅಭ್ರಕದ ತೆಳು ಪೊರೆ, ನಮ್ಮ ಊರುಗಳಲ್ಲಿ ಕಾಗೆಬಂಗಾರ ಎನ್ನುತ್ತಾರಲ್ಲ, ಅದೇ. ಪೆನ್ನಿನ ತುದಿ ತಗುಲಿದರೂ ಟ್ಯೂಬ್ ಹೋಯಿತು. ಕ್ಯಾಪ್ ತೆಗೆದ ಮೇಲೆ ಮೇಜಿನ ಮೇಲೆ ಪೆನ್ಸಿಲ್ಲು, ಸ್ಕೇಲು ಇರಬಾರದು. ವೋಲ್ಟೇಜನ್ನು 20 ವೋಲ್ಟಿನಂತೆ ಏರಿಸಿ ಗ್ರಾಫ್ ಹಾಕಿದಾಗ ನಮ್ಮ ಟ್ಯೂಬಿನ ಪ್ಲೇಟೋ, ಅಂದರೆ ಎಣಿಕೆ ಹೆಚ್ಚು ಬದಲಾಗದ ಸಮತಟ್ಟು ಭಾಗ, 360ರಿಂದ 540ರವರೆಗೆ ಬಂತು, 420ಕ್ಕೆ ನಿಲ್ಲಿಸಿದೆವು. ಇಳಿಜಾರು 100 ವೋಲ್ಟಿಗೆ ಶೇ. 5 ಇದ್ದರೆ, ಸಪ್ಲೈ 10 ವೋಲ್ಟ್ ಅಲುಗಿದರೂ ಎಣಿಕೆ ಅಲುಗುವುದು ಶೇ. 0.5 ಮಾತ್ರ. ಪ್ಲೇಟೋ ಶುರುವಾಗುವ ಬಾಗಿನಲ್ಲೇ ನಿಲ್ಲಿಸಿದವರಿಗೆ ಈ ಕ್ಷಮೆ ಸಿಗುವುದಿಲ್ಲ. ಪ್ಲೇಟೋ ದಾಟಿ ಎಣಿಕೆ ಒಮ್ಮೆಲೇ ನೆಗೆದರೆ ತಕ್ಷಣ ಇಳಿಸಬೇಕು, ಅದು ಟ್ಯೂಬಿನ ಆಯಸ್ಸು ತಿನ್ನುವ ಡಿಸ್ಚಾರ್ಜ್. ಕರೆಂಟ್ ಹೋಗಿ ಯುಪಿಎಸ್‌ಗೆ ಬದಲಾದ ಕ್ಷಣದಲ್ಲಿ ಓಡುತ್ತಿದ್ದ ಎಣಿಕೆಯನ್ನು ಹೊಡೆದುಹಾಕಿ. ಸ್ವಿಚ್ಚಿನ ಕಿಡಿಯೂ ಪಲ್ಸ್ (ಕೌಂಟರ್ ಎಣಿಸುವ ವಿದ್ಯುತ್ ಮಿಡಿತ) ಆಗಿ ಒಳಗೆ ಬರುತ್ತದೆ. ಕೇಬಲ್ ಕನೆಕ್ಟರ್ ಸಡಿಲವಾಗಿದ್ದರೂ ಇದೇ ಕಥೆ. ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಪೇಟೆ ಎಸ್.ಪಿ. ರಸ್ತೆಯಲ್ಲಿ ಕೊಳ್ಳುವಾಗ ಹೈ ವೋಲ್ಟೇಜ್ ತಡೆಯುವ ಕೇಬಲ್ಲೇ ಬೇಕೆಂದು ಬಾಯಿಬಿಟ್ಟು ಕೇಳಿ, ನೋಡಲು ಎಲ್ಲವೂ ಒಂದೇ ಥರ.

ದಿನವೂ ಬೆಳಗ್ಗೆ ಕೌಂಟರ್ ಸರಿ ಇದೆಯೇ ಎಂದು ನೋಡಲು ನಾವು ಬಿಲ್ಲೆ ತೆಗೆಯುವುದಿಲ್ಲ. ಪೊಟ್ಯಾಸಿಯಂ ಕ್ಲೋರೈಡ್ ಸಾಕು. ರೈತರು ಹೊಲಕ್ಕೆ ಹಾಕುವ ಪೊಟ್ಯಾಷ್ ಗೊಬ್ಬರದಲ್ಲಿರುವುದೂ ಇದೇ. ಅದರಲ್ಲಿ ಸಹಜವಾಗಿರುವ ವಿಕಿರಣಶೀಲ ಪೊಟ್ಯಾಸಿಯಂ-40ರ ದೆಸೆಯಿಂದ ಈ ಉಪ್ಪಿನ ಪ್ರತಿ ಗ್ರಾಂನಲ್ಲಿ ಸುಮಾರು 16 ಬೆಕ್ರೆಲ್, ಅಂದರೆ ಸೆಕೆಂಡಿಗೆ 16 ವಿಘಟನೆ, ಇರುತ್ತದೆ. 50 ಗ್ರಾಂ ಪುಡಿಯನ್ನು ಪೆಟ್ರಿ ಡಿಶ್ಶಿಗೆ ಹಾಕಿ, ತೆಳು ಪ್ಲಾಸ್ಟಿಕ್ ಹಾಳೆ ಬಿಗಿದು ಅಂಚಿಗೆ ಟೇಪ್ ಸುತ್ತಿದ್ದೇವೆ. ಮಳೆಗಾಲದಲ್ಲಿ ತೇವ ಎಳೆದು ಗಟ್ಟಿಯಾಗದಿರಲಿ ಎಂದು. ಪುಡಿಯನ್ನು ಅರ್ಧ ಸೆಂ.ಮೀ.ಗಿಂತ ದಪ್ಪ ತುಂಬಿ ಲಾಭವಿಲ್ಲ, ಅದಕ್ಕೂ ಆಳದ ಬೀಟಾ ಮೇಲೆ ಬರುವುದೇ ಇಲ್ಲ. ಪೊಟ್ಯಾಸಿಯಂ-40 ಅರ್ಧಕ್ಕಿಳಿಯುವ ಕಾಲ (ಅರ್ಧಾಯುಷ್ಯ) 125 ಕೋಟಿ ವರ್ಷ, ಹಾಗಾಗಿ ಹೋದ ವರ್ಷದ ಎಣಿಕೆಯನ್ನೂ ಈ ವರ್ಷದ್ದನ್ನೂ ನೇರವಾಗಿ ಪಕ್ಕದಲ್ಲಿಟ್ಟು ನೋಡಬಹುದು.

ಎಲ್ಲರೂ ಐದು ನಿಮಿಷದಲ್ಲಿ ಮುಗಿಸಿಬಿಡುವುದು ಹಿನ್ನೆಲೆ ಎಣಿಕೆಯನ್ನು. ನಿಮಿಷಕ್ಕೆ 30 ಬರುವಲ್ಲಿ ಐದು ನಿಮಿಷಕ್ಕೆ 150. ಎಣಿಕೆಯ ಏರಿಳಿತ ಅದರ ವರ್ಗಮೂಲದಷ್ಟು, ಇಲ್ಲಿ 12, ಅಂದರೆ ಶೇ. 8 ಅನಿಶ್ಚಿತತೆ. ಒಂದು ಗಂಟೆ ಬಿಟ್ಟರೆ 1800ಕ್ಕೆ 42. ನಮ್ಮ ಊರಿನ ಲ್ಯಾಬ್ ಮೇಜುಗಳು ಬಹುಪಾಲು ಗ್ರಾನೈಟ್. ಲಾಲ್‌ಬಾಗಿನ ಬಂಡೆಯಂತೆಯೇ ಈ ಕಲ್ಲಿನಲ್ಲೂ ಪೊಟ್ಯಾಸಿಯಂ, ಯುರೇನಿಯಂ, ಥೋರಿಯಂ ಅಲ್ಪಸ್ವಲ್ಪ ಇದ್ದೇ ಇರುತ್ತದೆ. ಟ್ಯೂಬಿನ ಮುಖವನ್ನು ನೇರ ಚಪ್ಪಡಿಯ ಕಡೆಗೆ ತಿರುಗಿಸಿದಾಗ ನಿಮಿಷಕ್ಕೆ 34, ನಡುವೆ ಮರದ ದಪ್ಪ ಹಲಗೆ ಇಟ್ಟಾಗ 29 ಬಂತು. ಒಂದೇ ನಿಮಿಷ ಎಣಿಸಿದ್ದರೆ ಈ ವ್ಯತ್ಯಾಸ ಏರಿಳಿತದಲ್ಲಿ ಮುಚ್ಚಿಹೋಗುತ್ತಿತ್ತು. ಹಿನ್ನೆಲೆ ಎಣಿಸುವಾಗ ಸೀಸ, ಹೋಲ್ಡರ್ ಎಲ್ಲ ಜಾಗದಲ್ಲೇ ಇರಲಿ, ಬಿಲ್ಲೆ ಮಾತ್ರ ಹೊರಗೆ. ಪಕ್ಕದ ಮೇಜಿನವರ ಕೋಬಾಲ್ಟ್ ಎಲ್ಲಿದೆ ಎಂದೂ ವಿಚಾರಿಸಿ. ಸಮಯ ಹಂಚುವುದಕ್ಕೂ ಒಂದು ಲೆಕ್ಕವಿದೆ: ಬಿಲ್ಲೆ ಇಟ್ಟಾಗಿನ ದರವನ್ನು ಹಿನ್ನೆಲೆ ದರದಿಂದ ಭಾಗಿಸಿ ವರ್ಗಮೂಲ ತೆಗೆಯಿರಿ. 480 ಮತ್ತು 30 ಆದರೆ 4 ಬರುತ್ತದೆ. 50 ನಿಮಿಷವಿದ್ದರೆ 40 ಬಿಲ್ಲೆಗೆ, 10 ಹಿನ್ನೆಲೆಗೆ.

ಎಣಿಕೆ ಜಾಸ್ತಿಯಾದಷ್ಟೂ ಒಳ್ಳೆಯದು ಎಂದುಕೊಂಡು ಬಿಲ್ಲೆಯನ್ನು ಟ್ಯೂಬಿಗೆ ತಾಗಿಸಿದರೆ ಡೆಡ್ ಟೈಮ್ ಕಾಟ. ಒಂದು ಪಲ್ಸ್ ಆದ ಮೇಲೆ ಟ್ಯೂಬ್ ಸ್ವಲ್ಪ ಹೊತ್ತು ಕುರುಡು. ನಮ್ಮದಕ್ಕೆ 180 ಮೈಕ್ರೋಸೆಕೆಂಡ್. ಸೆಕೆಂಡಿಗೆ 500 ತೋರಿಸಿದರೆ ಕುರುಡು ಹೊತ್ತು ಒಟ್ಟು 0.09 ಸೆಕೆಂಡ್, ಹಾಗಾಗಿ 500ನ್ನು (1 − 0.09)ರಿಂದ ಭಾಗಿಸಿ: ನಿಜವಾದದ್ದು 549. ಡೆಡ್ ಟೈಮನ್ನು ಎರಡು ಬಿಲ್ಲೆ ವಿಧಾನದಲ್ಲಿ (ಒಂದೊಂದಾಗಿಯೂ ಒಟ್ಟಿಗೂ ಎಣಿಸಿ) ಅಳೆಯುವಾಗ ಮೊದಲನೆಯದನ್ನು ಕದಲಿಸದೆ ಎರಡನೆಯದನ್ನು ಪಕ್ಕದಲ್ಲಿಡಬೇಕು. ಒಂದು ಮಿಲಿಮೀಟರ್ ಸರಿದರೂ ಡೆಡ್ ಟೈಮ್ ಮೈನಸ್ಸಿನಲ್ಲಿ ಬರುವುದುಂಟು. ಖಾಲಿ ಜಾಗಕ್ಕೆ ಅಷ್ಟೇ ದಪ್ಪದ ಡಮ್ಮಿ ಬಿಲ್ಲೆ ಇಡಿ.

ವಿಲೋಮ ವರ್ಗ ನಿಯಮ (ದೂರ ದುಪ್ಪಟ್ಟಾದರೆ ದರ ಕಾಲು ಭಾಗ) ಕೈಕೊಡುವುದು ದೂರದ ಸೊನ್ನೆ ಎಲ್ಲಿದೆ ಎಂದು ತಿಳಿಯದೆ. ಸ್ಕೇಲ್ ಹೇಳುವುದು ಟ್ಯೂಬಿನ ತುದಿಯವರೆಗಿನ ದೂರ, ಎಣಿಕೆ ನಡೆಯುವುದು ಒಳಗೆ. ಆ ವ್ಯತ್ಯಾಸ 8 ಮಿ.ಮೀ. ಇದ್ದರೆ 20 ಸೆಂ.ಮೀ.ನಲ್ಲಿ ಶೇ. 8 ತಪ್ಪು, 2 ಸೆಂ.ಮೀ.ನಲ್ಲಿ ಲೆಕ್ಕದ ದರ ನಿಜದ್ದರ ಹತ್ತಿರ ಹತ್ತಿರ ದುಪ್ಪಟ್ಟು. ದೂರಕ್ಕೆ ಎದುರಾಗಿ ದರದ ವರ್ಗಮೂಲದ ವಿಲೋಮವನ್ನು ಗ್ರಾಫ್ ಮಾಡಿ. ಸರಳರೇಖೆ ದೂರದ ಅಕ್ಷವನ್ನು ಕಡಿಯುವ ಜಾಗವೇ ಆ ವ್ಯತ್ಯಾಸ.

ಸೀಸದ ಪ್ರಯೋಗದಲ್ಲಿ ಸೀಸಿಯಂ ಗಾಮಾವನ್ನು ಅರ್ಧಕ್ಕಿಳಿಸಲು 5.5 ಮಿ.ಮೀ. ಸಾಕು, ಆದರೆ ರೆಕಾರ್ಡ್‌ಗಳಲ್ಲಿ 7 ದಾಟಿರುತ್ತದೆ. ತಗಡನ್ನು ಟ್ಯೂಬಿಗೆ ಅಂಟಿಸಿ ಇಟ್ಟರೆ ಚದುರಿದ ಗಾಮಾ ಕೂಡ ಒಳಗೆ ಬಂದು ಎಣಿಕೆಯಾಗುತ್ತದೆ. ತಗಡನ್ನು ನಡುವೆ ನಿಲ್ಲಿಸಿ, ಎರಡೂ ಕಡೆ ತೂತಿರುವ ಸೀಸದ ಇಟ್ಟಿಗೆ ಇಟ್ಟ ಮೇಲೆ ನಮ್ಮದು ಇಳಿಯಿತು. ಬೀಟಾ ತಡೆಯಲು ಬಿಲ್ಲೆಯ ಮೇಲೆ 2 ಮಿ.ಮೀ. ಅಲ್ಯುಮಿನಿಯಂ ಕಾಯಂ. ಸೀಸ ಮೆದು, ಬಾಗಿ ಬಾಗಿ ದಪ್ಪ ಏರುಪೇರಾಗಿರುತ್ತದೆ, ಆದ್ದರಿಂದ ಸ್ಕ್ರೂಗೇಜಿಗಿಂತ ತಕ್ಕಡಿ ಮೇಲು: 10 ಸೆಂ.ಮೀ. ಉದ್ದ, 10 ಸೆಂ.ಮೀ. ಅಗಲದ 2 ಮಿ.ಮೀ. ತಗಡು 227 ಗ್ರಾಂ ತೂಗಬೇಕು. ಮುಟ್ಟಿದ ಮೇಲೆ ಸೋಪು ಹಾಕಿ ಕೈ ತೊಳೆಯಿರಿ, ಸೀಸದ ವಿಷಕ್ಕೂ ವಿಕಿರಣಕ್ಕೂ ಸಂಬಂಧವಿಲ್ಲ.

ಬಿಲ್ಲೆಯ ಮೇಲೆ ಬರೆದಿರುವ ಮೈಕ್ರೋಕ್ಯೂರಿ ಅದನ್ನು ತಯಾರಿಸಿದ ದಿನದ್ದು. ಹತ್ತು ವರ್ಷಕ್ಕೆ ಸೀಸಿಯಂ ಶೇ. 79, ಕೋಬಾಲ್ಟ್ ಶೇ. 27, ಥ್ಯಾಲಿಯಂ ಶೇ. 16 ಉಳಿದಿರುತ್ತದೆ. ಥ್ಯಾಲಿಯಂ ಬಿಲ್ಲೆ ಸತ್ತಿದೆ ಎಂದು ಕಸದ ಬುಟ್ಟಿಗೆ ಹಾಕುವ ಹಾಗಿಲ್ಲ. ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ನಿಯಮದಂತೆ ವಿಲೇವಾರಿಯಾಗುವ ತನಕ ಅದಕ್ಕೂ ಬೀಗದೊಳಗೆ ಜಾಗ, ರಿಜಿಸ್ಟರಿನಲ್ಲಿ ಒಂದು ಸಾಲು.