ತೆರೆಯಲು ಧೈರ್ಯ ಬರುವ ಕಿಟಕಿ

ಕಲಬುರಗಿಯ ಒಂದು ವಿದ್ಯಾರ್ಥಿನಿಯರ ಹಾಸ್ಟೆಲ್. ಮೇ ತಿಂಗಳ ರಾತ್ರಿ 9 ಗಂಟೆ. ಸೂರ್ಯ ಮುಳುಗಿ ಎರಡು ತಾಸು ಕಳೆದಿದ್ದರೂ ಪಡುವಣ ಕೋಣೆಯ ಗೋಡೆಗೆ ಕೈಯಿಟ್ಟರೆ ಜ್ವರ ಬಂದ ಮಗುವಿನ ಹಣೆ ಮುಟ್ಟಿದಂತಿತ್ತು. ಕಟ್ಟಡದ ಸೆಕೆ ತಗ್ಗಿಸುವ ಕೆಲಸಕ್ಕೆಂದು ಬಂದಿದ್ದ ನಾನು ಥರ್ಮಾಮೀಟರ್ ಹಿಡಿದು ನೋಡಿದೆ, ಒಳಮೈ 40 ಡಿಗ್ರಿ. ಹುಡುಗಿಯರು ಮಂಚಗಳನ್ನೆಲ್ಲ ಎದುರು ಗೋಡೆಗೆ ಸರಿಸಿಕೊಂಡಿದ್ದರು.

ಆರು ಇಂಚಿನ ಕಾಂಕ್ರೀಟ್ ಬ್ಲಾಕ್ ಗೋಡೆ ಅದು. ಸಂಜೆಯ ಬಿಸಿಲು ಹೊರಮೈಯಿಂದ ಒಳಮೈಗೆ ದಾಟಲು ನಾಲ್ಕೈದು ತಾಸು ಹಿಡಿಯುತ್ತದೆ. ಹೀಗಾಗಿ ಊರೆಲ್ಲ ತಣ್ಣಗಾಗುವ ಹೊತ್ತಿಗೆ ಈ ಕೋಣೆಗಳಲ್ಲಿ ಸೆಕೆ ಶುರುವಾಗುತ್ತಿತ್ತು. ಗಾಳಿಯಾಡದ ಕೋಣೆಯಲ್ಲಿ ಮೈಗೆ ತಟ್ಟುವ ಸೆಕೆಯಲ್ಲಿ ಹೆಚ್ಚುಕಡಿಮೆ ಅರ್ಧ ಪಾಲು ಗಾಳಿಯದ್ದಾದರೆ, ಇನ್ನರ್ಧ ಸುತ್ತಲಿನ ಗೋಡೆ, ಸೂರಿನದ್ದು. ಬರೀ ಫ್ಯಾನ್ ತಿರುಗಿಸಿದರೆ ಆ ಅರ್ಧ ಹಾಗೇ ಉಳಿಯುತ್ತದೆ.

ಗೋಡೆಯ ಹೊರಗೆ ಥರ್ಮೋಕೋಲ್ ಪದರ ಹಚ್ಚಿ ಪ್ಲಾಸ್ಟರ್ ಮಾಡುವ ನಕ್ಷೆಯನ್ನು ನಾನು ಬೆಂಗಳೂರಿನಲ್ಲೇ ಬರೆದುಕೊಂಡು ಬಂದಿದ್ದೆ. ಲೆಕ್ಕದಲ್ಲಿ ಅದು ಸರಿಯಾಗಿಯೇ ಇತ್ತು. ಆದರೆ ಆ ರಾತ್ರಿ ನೋಡಿದರೆ ಎಂಟು ಕೋಣೆಗಳ ಒಂದು ಕಿಟಕಿಯೂ ತೆರೆದಿರಲಿಲ್ಲ. ಕಾರಣ ಕೇಳಿದಾಗ ಬಿ.ಎಸ್ಸಿ. ಓದುವ ಹುಡುಗಿಯೊಬ್ಬಳು, 'ತೆರದ್ರ ರಸ್ತಾದವ್ರು ಒಳಗ ನೋಡತಾರ್ರೀ ಮೇಡಂ' ಎಂದಳು. ನನ್ನ ನಕ್ಷೆ ಅಲ್ಲಿಗೇ ನಿಂತಿತು. ಕಿಟಕಿ ಮುಚ್ಚಿದ ಕೋಣೆಗೆ ಹೊರಗಿನಿಂದ ಕಂಬಳಿ ಹೊದಿಸಿದರೆ ಹಗಲಿನ ಬಿಸಿಲೇನೋ ತಡೆಯುತ್ತದೆ, ಆದರೆ ನಾಲ್ಕು ಜನರ ಮೈಶಾಖ ರಾತ್ರಿಯಿಡೀ ಒಳಗೇ ಉಳಿಯುತ್ತದೆ. ವಸತಿ ಕಟ್ಟಡಗಳಿಗೆಂದು 2018ರಲ್ಲಿ ಬಂದ ಇಕೋ ನಿವಾಸ್ ಸಂಹಿತೆ, ಬಿಸಿ ಒಣಹವೆಯ ಪ್ರದೇಶದಲ್ಲಿ ನೆಲದ ವಿಸ್ತೀರ್ಣದ ಶೇ. 10ರಷ್ಟಾದರೂ ತೆರೆಯಬಹುದಾದ ಕಿಟಕಿ ಇರಬೇಕು ಎನ್ನುತ್ತದೆ. ಈ ಹಾಸ್ಟೆಲ್‌ನಲ್ಲಿ ಅಷ್ಟು ಕಿಟಕಿ ಇತ್ತು. ತೆರೆಯುವ ಧೈರ್ಯ ಮಾತ್ರ ಯಾರಿಗೂ ಇರಲಿಲ್ಲ.

ಗೋಡೆಯಿಂದ ಎರಡೂವರೆ ಅಡಿ ದೂರದಲ್ಲಿ, ಎರಡೂ ಅಂತಸ್ತಿನ ಎತ್ತರಕ್ಕೆ ಸುಟ್ಟ ಇಟ್ಟಿಗೆಯ ಜಾಲಿ, ಅಂದರೆ ಕಿಂಡಿ ಕಿಂಡಿಯ ಗೋಡೆ, ಎಬ್ಬಿಸೋಣ ಎಂದು ಹೇಳಿದೆ. ಬಿಸಿಲು ಅದರ ಮೇಲೆ ಬೀಳಲಿ, ನಡುವಿನ ಸಂದಿನಲ್ಲಿ ಗಾಳಿ ಮೇಲೇರಿ ಹೋಗಲಿ, ಒಳಗಿನವರು ಹೊರಗಿನವರಿಗೆ ಕಾಣದಿರಲಿ.

ಪಡುವಣಕ್ಕೆ ಛಜ್ಜಾ (ಕಿಟಕಿಯ ಮೇಲಿನ ಚಾಚು) ಏಕೆ ಸಾಲದು ಎಂದು ಕಟ್ಟಡ ಸಮಿತಿಯವರಿಗೆ ಕಾಗದದ ಮೇಲೆ ಗೆರೆ ಎಳೆದು ತೋರಿಸಬೇಕಾಯಿತು. ಮೇ ನಡುವಿನಲ್ಲಿ ಸಂಜೆ 5ಕ್ಕೆ ಕಲಬುರಗಿಯ ಸೂರ್ಯ ದಿಗಂತದಿಂದ ಸುಮಾರು 24 ಡಿಗ್ರಿ ಮೇಲಿರುತ್ತಾನೆ. ಎರಡು ಅಡಿ ಛಜ್ಜಾ ಆಗ ಕಿಟಕಿಯ ಮೇಲೆ ಒಂದು ಅಡಿ ನೆರಳನ್ನೂ ಬೀಳಿಸುವುದಿಲ್ಲ. ಜಾಲಿಗೂ ಇದೇ ಲೆಕ್ಕ ಅನ್ವಯಿಸುತ್ತದೆ. ನಾಲ್ಕು ಇಂಚು ದಪ್ಪದ ಜಾಲಿಯಲ್ಲಿ ನಾಲ್ಕು ಇಂಚಿನ ಕಿಂಡಿ ಬಿಟ್ಟರೆ 45 ಡಿಗ್ರಿಗಿಂತ ಮೇಲಿನ ಬಿಸಿಲಷ್ಟೇ ಪೂರ್ತಿ ನಿಲ್ಲುತ್ತದೆ. ಆದ್ದರಿಂದ ಜಾಲಿಯನ್ನು ಒಂಬತ್ತು ಇಂಚು ದಪ್ಪಕ್ಕೆ ಕಟ್ಟಿಸಿದೆ. ಒಂಬತ್ತು ಇಂಚು ಆಳ, ನಾಲ್ಕು ಇಂಚು ಎತ್ತರದ ಕಿಂಡಿ ಸರಿಯಾಗಿ 24 ಡಿಗ್ರಿಗೆ ಬಿಸಿಲು ಕಡಿಯುತ್ತದೆ. ಐದರ ನಂತರದ ಬಿಸಿಲು ಬಿಲ್ಲೆ ಬಿಲ್ಲೆಯಾಗಿ ಒಳಗೆ ಬೀಳುತ್ತದೆ. ಆ ಹೊತ್ತಿಗೆ ಅದರ ಕಸುವು ಇಳಿದಿರುತ್ತದೆ, ಅದನ್ನು ಬಿಟ್ಟುಕೊಟ್ಟೆ.

ಎರೆಭೂಮಿಯಲ್ಲಿ ಇಷ್ಟು ಭಾರವನ್ನು ಸಾದಾ ಪಾಯದ ಮೇಲೆ ನಿಲ್ಲಿಸುವಂತಿಲ್ಲ. ಮಳೆಗೆ ಉಬ್ಬಿ ಬೇಸಿಗೆಗೆ ಬಾಯಿ ಬಿಡುವ ನೆಲವದು. ಸ್ಟ್ರಕ್ಚರಲ್ ಎಂಜಿನಿಯರ್ ಹೇಳಿದಂತೆ ಬುಡ ಗಡಿಗೆಯಂತೆ ಅಗಲವಾಗುವ ಕಾಂಕ್ರೀಟ್ ಕಂಬಗಳನ್ನು (ಅಂಡರ್-ರೀಮ್ಡ್ ಪೈಲ್) ನೆಲದಾಳಕ್ಕೆ ಇಳಿಸಿ, ಬೀಮ್ ಹಾಕಿ ಜಾಲಿ ಎಬ್ಬಿಸಿದೆವು. ಒಟ್ಟು ಖರ್ಚಿನ ದೊಡ್ಡ ಪಾಲು ನೆಲದೊಳಗೇ ಹೋಯಿತು.

ಕೆಲಸ ಶುರುವಾಗುವ ಮೊದಲು ಗೌಂಡಿ ಮೂರಡಿ ಚೌಕದ ಮಾದರಿಯೊಂದನ್ನು ಮಣ್ಣಿನ ಗಾರೆಯಲ್ಲಿ ಜೋಡಿಸಿ, ಕಿಟಕಿಯ ಮುಂದೆ ನಿಲ್ಲಿಸಿದ. ಹುಡುಗಿಯರನ್ನು ಮಂಚದ ಮೇಲೆ ಕೂರಿಸಿ ಏನು ಕಾಣುತ್ತದೆ ಎಂದು ಕೇಳಿದೆ. 'ಇಟ್ಟಿಗೀ ಬಿಟ್ರ ಏನೂ ಕಾಣಂಗಿಲ್ಲ' ಎಂದರು. ಎದುರಿನ ಬೇವಿನ ಮರ ಅವರ ಕಣ್ಣಿಂದ ಮರೆಯಾಗಿತ್ತು. ಅಲ್ಲೇ ಕೂತವರ ಕಣ್ಣಿನ ಮಟ್ಟ ಅಳೆದೆ, ಹಾಸುನೆಲದಿಂದ ಮೂರೂವರೆ ಅಡಿ. ಆ ಎತ್ತರದ ಒಂದು ವರಸೆಯಲ್ಲಿ ಮಾತ್ರ ಕಿಂಡಿಗಳನ್ನು ಅಡ್ಡಕ್ಕೆ ಅಗಲ ಮಾಡಿದೆವು. ಎತ್ತರ ಅದೇ ನಾಲ್ಕು ಇಂಚು, ಹೀಗಾಗಿ ಬಿಸಿಲಿನ ಲೆಕ್ಕ ಕೆಡಲಿಲ್ಲ. ಮರ ಕಂಡಿತು. ರಸ್ತೆಗೆ ಹೋಗಿ ನಿಂತು ನೋಡಿದೆ, ಕತ್ತಲೆಯ ಗೆರೆಯೊಂದು ಬಿಟ್ಟು ಒಳಗಿನದೇನೂ ಕಾಣಲಿಲ್ಲ. ಕೋಣೆಯಲ್ಲಿ ದೀಪ ಹಚ್ಚಿಸಿಯೂ ರಾತ್ರಿ ನೋಡಿದೆ. ನೆಲ ಅಂತಸ್ತಿನಲ್ಲಿ ನೆರಳು ಓಡಾಡಿದ್ದು ತಿಳಿಯುತ್ತಿತ್ತು, ಆದ್ದರಿಂದ ಅಲ್ಲಿ ಆ ಅಗಲದ ವರಸೆಯನ್ನು ಕೈಬಿಟ್ಟೆ. ಕೆಳಗಿನವರಿಗೆ ಮರ ಕಾಣಿಸಲಾಗದ್ದು ನನಗೆ ಈಗಲೂ ಬೇಸರವೇ.

ಮಾಳಿಗೆಗೆ ಮೂರು ಸಲ ಸುಣ್ಣ ಬಳಿಸಿದೆವು. ಕಿಟಕಿಗಳಿಗೆ ಸೊಳ್ಳೆಜಾಲರಿ, ಎದುರು ಬಾಗಿಲುಗಳ ಮೇಲೆ ಗವಾಕ್ಷಿ. ಒಳಬಂದ ಗಾಳಿಗೆ ಹೊರಹೋಗುವ ದಾರಿ ಬೇಕು.

ಮೊದಲ ವರ್ಷ ಎಲ್ಲ ಸರಿಹೋಗಲಿಲ್ಲ. ಸಂದಿನಲ್ಲಿ ಪಾರಿವಾಳಗಳು ಗೂಡು ಕಟ್ಟಿದವು. ಹಿಕ್ಕೆಯ ವಾಸನೆಗೆ ಎರಡು ಕೋಣೆಯವರು ಮತ್ತೆ ಕಿಟಕಿ ಮುಚ್ಚಿಕೊಂಡರು. ಸಂದಿನ ಮೇಲಕ್ಕೂ ಜಾಲಿಯ ಒಳಮೈಗೂ ಬಲೆ ಬಿಗಿಸಿ, ಒಳಹೋಗಿ ಗುಡಿಸಲು ಪಕ್ಕದಲ್ಲೊಂದು ಸಣ್ಣ ಬಾಗಿಲು ಇಡಿಸಿದೆ. ಅದು ಮೊದಲ ನಕ್ಷೆಯಲ್ಲೇ ಇರಬೇಕಿತ್ತು. ಕೋಣೆಯ ಒಳತುದಿಗೆ ಬೆಳಕೂ ಕಡಿಮೆಯಾಯಿತು. ಜಾಲಿಯ ಒಳಮೈಗೆ ಬಿಳಿ ಬಳಿಸಿ, ಓದುವ ಮೇಜುಗಳನ್ನು ಕಿಟಕಿಯ ಬಳಿಗೆ ತರಿಸಿದೆ.

ಮರುವರ್ಷ ಮೇ ತಿಂಗಳಲ್ಲಿ, ಹೊರಗೆ ಹಿಂದಿನ ವರ್ಷದಷ್ಟೇ ಬಿಸಿಲಿದ್ದ ದಿನ, ರಾತ್ರಿ 9ಕ್ಕೆ ಅದೇ ಗೋಡೆ ಮುಟ್ಟಿದೆ. 34 ಡಿಗ್ರಿ. ಕೋಣೆಯ ಗಾಳಿ ಇಳಿದದ್ದು 2 ಡಿಗ್ರಿ ಮಾತ್ರ, ಆದರೆ ಮಂಚಗಳು ಗೋಡೆಯ ಪಕ್ಕಕ್ಕೆ ವಾಪಸು ಬಂದಿದ್ದವು. ಹತ್ತು ಗಂಟೆಗೆ ಸಂದಿನ ಬಾಗಿಲು ತೆರೆದು ಒಳಗೆ ಟಾರ್ಚ್ ಹಾಯಿಸಿ ಎಣಿಸಿದೆ. ಎಂಟು ಕಿಟಕಿಗಳಲ್ಲಿ ಏಳು ತೆರೆದಿದ್ದವು. ಎಂಟನೆಯದರ ಚಿಲಕ ವರ್ಷಗಟ್ಟಲೆ ಮುಚ್ಚಿಯೇ ಇದ್ದು ತುಕ್ಕು ಹಿಡಿದಿತ್ತು. ಮರುದಿನ ಬೆಳಿಗ್ಗೆ ಬಡಗಿಯನ್ನು ಕರೆಸಿದೆವು.