ಪ್ರೀಮೆಡ್ ಮೊದಲ ಸೆಮಿಸ್ಟರ್: ವಿಜ್ಞಾನದ ಮೂಟೆ ಹೊರಬೇಡಿ

ಪಿಯುಸಿ ಮುಗಿಸಿ ನೇರವಾಗಿ ಮೆಡಿಕಲ್ ಕಾಲೇಜು ಸೇರುವ ಪದ್ಧತಿಯಲ್ಲಿ ಬೆಳೆದ ನಮಗೆ, ಮೊದಲು ಪದವಿ ಓದಿ ಆಮೇಲೆ ಮೆಡಿಕಲ್ ಕಾಲೇಜು ಸೇರುವ ಅಮೆರಿಕದ ಲೆಕ್ಕ ಬೇಗ ತಲೆಗೆ ಹತ್ತುವುದಿಲ್ಲ. ಅಲ್ಲಿ ಹುಟ್ಟಿದ ನಮ್ಮ ಅಕ್ಕನ ಮಗ ಮನೆಯವರ ಮಾತು ಕೇಳಿ ಮೊದಲ ಸೆಮಿಸ್ಟರಿಗೇ ರಸಾಯನ, ಜೀವ, ಭೌತ ಮೂರೂ ಶಾಸ್ತ್ರಗಳನ್ನು ಲ್ಯಾಬ್ ಸಮೇತ ಹಿಡಿದ. ದೀಪಾವಳಿಯ ಹೊತ್ತಿಗೆ ಒಂದನ್ನು ಕೈಬಿಟ್ಟ. ಅಂಕಪಟ್ಟಿಯಲ್ಲಿ ‘ಡಬ್ಲ್ಯೂ’ (ವಿತ್‌ಡ್ರಾ, ಅಂದರೆ ಕೋರ್ಸ್ ಕೈಬಿಟ್ಟ ಗುರುತು) ಉಳಿಯಿತು.

ಮೊದಲಿಗೆ, ಪ್ರೀಮೆಡ್ ಎಂಬುದು ಸಾಮಾನ್ಯವಾಗಿ ಪದವಿಯ ಹೆಸರಲ್ಲ, ಪದವಿ ಓದುತ್ತಲೇ ಮೆಡಿಕಲ್ ಕಾಲೇಜಿಗೆ ಮಾಡಿಕೊಳ್ಳುವ ತಯಾರಿ. ಇತಿಹಾಸ ಓದಿಯೂ ವೈದ್ಯರಾಗಬಹುದು.

ಎರಡನೆಯದು ರಸಾಯನಶಾಸ್ತ್ರ. ಇದನ್ನು ಮಾತ್ರ ಮುಂದೂಡಬೇಡಿ. ಸಾಮಾನ್ಯ ರಸಾಯನಕ್ಕೆ ಎರಡು ಸೆಮಿಸ್ಟರ್, ಸಾವಯವಕ್ಕೆ ಎರಡು, ಆಮೇಲೆ ಜೀವರಸಾಯನ. ಸಾಮಾನ್ಯವಾಗಿ ಒಂದು ಮುಗಿಯದೆ ಇನ್ನೊಂದಕ್ಕೆ ಪ್ರವೇಶವಿಲ್ಲ. ಈಗ ಶುರು ಮಾಡಿದರೆ ಐದನೇ ಸೆಮಿಸ್ಟರಿಗೆ ಸರಪಳಿ ಮುಗಿದು, ಮೂರನೇ ವರ್ಷದ ವಸಂತದಲ್ಲಿ ಎಂಕ್ಯಾಟ್ (ಮೆಡಿಕಲ್ ಪ್ರವೇಶ ಪರೀಕ್ಷೆ) ಬರೆಯಲು ದಾರಿ ಸಲೀಸು.

ಎಡವುವುದು ಎಪಿ ಕ್ರೆಡಿಟ್‌ನಲ್ಲಿ. ಹೈಸ್ಕೂಲಿನಲ್ಲೇ ಕಾಲೇಜು ಮಟ್ಟದ ವಿಷಯ ಓದಿ ಬರೆಯುವ ಎಪಿ ಪರೀಕ್ಷೆಯಲ್ಲಿ ಐದಕ್ಕೆ 5 ಬಂದಿದೆ, ಕಾಲೇಜು ವಿನಾಯಿತಿ ಕೊಡುತ್ತದೆ, ಹುಡುಗ ನೇರ ಸಾವಯವಕ್ಕೆ ಹಾರುತ್ತಾನೆ. ಆದರೆ ಕಾಲೇಜು ಒಪ್ಪಿದ ಕ್ರೆಡಿಟನ್ನು ಕೆಲವು ಮೆಡಿಕಲ್ ಕಾಲೇಜುಗಳು ಒಪ್ಪುವುದಿಲ್ಲ. ಒಪ್ಪಿದರೂ ಅದೇ ವಿಷಯದ ಮೇಲಿನ ಹಂತದ ಕೋರ್ಸ್ ಕೇಳುವವರಿದ್ದಾರೆ. ನೀವು ಸೇರಬಯಸುವ ಐದಾರು ಮೆಡಿಕಲ್ ಕಾಲೇಜುಗಳ ನಿಯಮವನ್ನು ಅವುಗಳ ಜಾಲತಾಣದಲ್ಲೇ ಓದಿ. ಸಾವಿರಾರು ಡಾಲರ್ ಕೀಳುವ ‘ಪ್ರೀಮೆಡ್ ಸಲಹಾ ಪ್ಯಾಕೇಜ್’ ಇದಕ್ಕೆ ಬೇಡವೇ ಬೇಡ. ಸಂಶಯವಿದ್ದರೆ ಸಾಮಾನ್ಯ ರಸಾಯನವನ್ನೇ ತೆಗೆದುಕೊಳ್ಳಿ, ನಾಚಿಕೆ ಬೇಡ. ಕೆಟ್ಟ ಗ್ರೇಡ್ ಬಂದರೆ ಮತ್ತೆ ಓದಿ ಸರಿಪಡಿಸೋಣ ಎನ್ನುವಂತಿಲ್ಲ: ಎಂಡಿ (ಅಲ್ಲಿ ಇದೇ ಮೊದಲ ವೈದ್ಯಕೀಯ ಪದವಿ) ಅರ್ಜಿಯ ಲೆಕ್ಕದಲ್ಲಿ ಎರಡು ಸಲದ ಗ್ರೇಡೂ ಸೇರುತ್ತದೆ. ವಿಜ್ಞಾನ ಮತ್ತು ಗಣಿತದ ಸರಾಸರಿಯನ್ನು ಬೇರೆಯಾಗಿಯೂ ತೆಗೆಯುತ್ತಾರೆ.

ಮುಂದೆ, ಕ್ರೆಡಿಟ್ ನೋಡಿ ಮೋಸಹೋಗಬೇಡಿ. ಲ್ಯಾಬಿಗೆ ಕಾಗದದ ಮೇಲೆ ಒಂದೇ ಕ್ರೆಡಿಟ್. ನಿಲ್ಲಬೇಕಾದದ್ದು ಮೂರು ಗಂಟೆ, ವರದಿ ಬರೆಯುವ ರಾತ್ರಿ ಬೇರೆ. ಒಂದು ಲ್ಯಾಬ್ ಸಾಕು. ಜೀವಶಾಸ್ತ್ರ ಕಡ್ಡಾಯವೆಂದರೆ ಎರಡು. ಮೂರು ಎಂದವರ ಮಾತು ಕೇಳಬೇಡಿ, ಅವರು ನಿಮ್ಮ ಅಪ್ಪನೇ ಆಗಿದ್ದರೂ.

ಉಳಿದದ್ದು ಸುಲಭ. ರಸಾಯನಕ್ಕೆ ಲ್ಯಾಬ್ ಸೇರಿ 4 ಕ್ರೆಡಿಟ್, ಗಣಿತ ಅಥವಾ ಸಂಖ್ಯಾಶಾಸ್ತ್ರಕ್ಕೆ 4, ಇಂಗ್ಲಿಷ್ ಬರವಣಿಗೆಗೆ 3, ಮನಶ್ಶಾಸ್ತ್ರಕ್ಕೆ 3, ಹೊಸಬರ ಸೆಮಿನಾರ್‌ಗೆ 1: ಒಟ್ಟು 15. ಮನಶ್ಶಾಸ್ತ್ರ ಬರೀ ಕ್ರೆಡಿಟ್ ತುಂಬಿಸುವ ವಿಷಯವಲ್ಲ. 2015ರಿಂದ ಎಂಕ್ಯಾಟ್‌ನ ನಾಲ್ಕು ಭಾಗಗಳಲ್ಲಿ ಒಂದು ಅದರ ಮತ್ತು ಸಮಾಜಶಾಸ್ತ್ರದ ಮೇಲಿದೆ. 15 ಏಕೆಂದರೆ, ಮೂರು ಕ್ರೆಡಿಟ್‌ನ ಒಂದು ಕೋರ್ಸ್ ಬಿಡಬೇಕಾಗಿ ಬಂದರೂ ಪೂರ್ಣಾವಧಿ ವಿದ್ಯಾರ್ಥಿಗೆ ಬೇಕಾದ 12 ಉಳಿಯುತ್ತದೆ. ವಿದ್ಯಾರ್ಥಿವೇತನ, ವಿದ್ಯಾರ್ಥಿ ವೀಸಾ ಇರುವವರು ಈ ಅಂಕಿಯನ್ನು ಮರೆಯುವಂತಿಲ್ಲ.

ಕೊನೆಗೆ, ಮೊದಲ ವಾರ ಸಿಲಬಸ್ ಕೈಗೆ ಬಂದ ದಿನವೇ ಎಲ್ಲ ಪರೀಕ್ಷೆಗಳ ದಿನಾಂಕವನ್ನು ಒಂದೇ ಕ್ಯಾಲೆಂಡರಿನಲ್ಲಿ ಬರೆಯಿರಿ. ರಸಾಯನವೂ ಗಣಿತವೂ ಪದೇ ಪದೇ ಒಂದೇ ದಿನ ಬೀಳುತ್ತಿದ್ದರೆ, ಕೋರ್ಸ್ ಬದಲಿಸುವ ಗಡುವು ಮುಗಿಯುವುದರೊಳಗೆ ಗಣಿತದ ಜಾಗಕ್ಕೆ ಬೇರೊಂದನ್ನು ತನ್ನಿ.